ಅಂಗನವಾಡಿಯ ಒಂದು ದಿನ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹೈಸ್ಕೂಲಿನ ಹಬ್ಬದಲ್ಲಿ ಇವನು ಅಂಗನವಾಡಿ ವಿಷಯ ಯಾಕೆ ಎತ್ತಿದ ಅಂತ ಕೆಲವರಿಗೆ ಅನಿಸಬಹುದು. ಎರಡು ಕಾರಣ ಇದೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ತಪ್ಪು ಕಾಣಿಸಿಕೊಳ್ಳುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಎಂಟನೇ ತರಗತಿಗೆ ಬಂದ ಮಗು ತಡವರಿಸಿ ಓದಿದರೆ ಹೈಸ್ಕೂಲು ಮೇಷ್ಟ್ರು ಪ್ರೈಮರಿ ಕಡೆ ಕೈ ತೋರಿಸುತ್ತಾರೆ, ಪ್ರೈಮರಿಯವರು ಮನೆಯ ಕಡೆ ತೋರಿಸುತ್ತಾರೆ. ಹೀಗೇ ಹಿಂದಕ್ಕೆ ಹೋದರೆ ಅಂಗನವಾಡಿಯ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಎಲ್ಲ ಕೊರತೆಯೂ ಅಲ್ಲೇ ಹುಟ್ಟುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಮಾತು, ಕಿವಿ, ಬೆರಳು ಹದಕ್ಕೆ ಬರುವ ವಯಸ್ಸು ಅದು.

ಎರಡನೇ ಕಾರಣ ಸ್ವಲ್ಪ ನಾಚಿಕೆಯದು. ನಮ್ಮ ಬ್ಯಾಚಿನವರು ಸೇರಿಸಿದ ಹಣದಲ್ಲಿ ಅಂಗನವಾಡಿಗೆ ಒಂದು ದೊಡ್ಡ ಟಿ.ವಿ. ಕೊಡಿಸೋಣ ಅಂತ ಮೊದಲು ಹೇಳಿದವನು ನಾನೇ. ಆ ಮಾತನ್ನು ವಾಪಸ್ ತಗೊಳ್ಳುವುದಕ್ಕೆ ಇವತ್ತು ನಿಂತಿದ್ದೇನೆ.

ಐ.ಸಿ.ಡಿ.ಎಸ್. ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಲ್ಲಿ. ಹೆಚ್ಚುಕಮ್ಮಿ ನಮ್ಮ ಶಾಲೆಯ ಓರಗೆಯದು ಅನ್ನಿ. ಅದಕ್ಕೂ ಮುಂಚೆ ಮಹಾರಾಷ್ಟ್ರದಲ್ಲಿ ತಾರಾಬಾಯಿ ಮೋಡಕ್ ಅವರು ಆದಿವಾಸಿ ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯನ್ನೇ ಅವರ ಮನೆಯಂಗಳಕ್ಕೆ ಒಯ್ದರು. ಅಂಗನವಾಡಿ ಅನ್ನುವ ಮಾತಿನಲ್ಲಿ ಆ ಅಂಗಳ ಇದೆ. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಪಾಠ ಮಾಡಿಸಿದವರೂ ಅವರೇ. ಮಕ್ಕಳ ದಿನ ಹೇಗಿದೆಯೋ ಅದನ್ನು ನೋಡಿ ಶಾಲೆಯ ದಿನ ಹೊಂದಿಸಿದರು.

ನಾನು ಮಾಡಿದ್ದು ಇದಕ್ಕೆ ತದ್ವಿರುದ್ಧ. ಹೋದ ವರ್ಷ ಕಡಲೆಕಾಯಿ ಕೀಳುವ ಕಾಲದಲ್ಲಿ ರಜೆ ಹಾಕಿ ಊರಿಗೆ ಬಂದಿದ್ದೆ. ಅಕ್ಕನ ಮಗಳು ಹೋಗುವ ಅಂಗನವಾಡಿಯಲ್ಲಿ ಒಂದು ವಾರ ಕೂತೆ. ಮೊದಲನೇ ದಿನವೇ ಲ್ಯಾಪ್‌ಟಾಪಿನಲ್ಲಿ ವೇಳಾಪಟ್ಟಿ ಮಾಡಿ, ಇಪ್ಪತ್ತು ಇಪ್ಪತ್ತು ನಿಮಿಷಕ್ಕೆ ಬಣ್ಣ ಬಳಿದು, ಪ್ರಿಂಟ್ ತೆಗೆಸಿ ಕೊಟ್ಟೆ. ಮೇಡಂ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಚೆನ್ನಾಗೈತೆ ಕಣಪ್ಪ. ಇದರಲ್ಲಿ ಅಳೋದಕ್ಕೆ, ಚಡ್ಡಿ ಒದ್ದೆ ಮಾಡ್ಕೊಳ್ಳೋದಕ್ಕೆ ಟೈಮೇ ಇಲ್ವಲ್ಲ?" ಅಂದರು.

ಆಮೇಲೆ ನಾನು ಬಾಯಿ ಮುಚ್ಚಿಕೊಂಡು ನೋಡಿದೆ. ಮೂರು ವರ್ಷದ ಮಗುವಿಗೆ ಗಡಿಯಾರ ಗೊತ್ತಿಲ್ಲ, ಆದರೆ ಯಾವುದಾದ ಮೇಲೆ ಯಾವುದು ಅನ್ನುವುದು ಚೆನ್ನಾಗಿ ಗೊತ್ತು. ಕೈ ತೊಳೆದ ಮೇಲೆ ಊಟ, ಊಟ ಆದ ಮೇಲೆ ಚಾಪೆ, ಎದ್ದ ಮೇಲೆ ಅಜ್ಜಿ ಬರುತ್ತಾಳೆ. ಈ ಸಾಲು ದಿನಾ ಹಾಗೇ ಇದ್ದರೆ ಹೊಸ ಮಗುವಿನ ಅಳು ನಿಲ್ಲುತ್ತದೆ. ಸಾಲು ತಪ್ಪಿದ ದಿನ ಹಳೇ ಮಕ್ಕಳೂ ಅಳುತ್ತವೆ. ಹತ್ತು ನಿಮಿಷ ಹೆಚ್ಚುಕಮ್ಮಿ ಆದರೆ ಏನೂ ಆಗುವುದಿಲ್ಲ.

ಮೇಡಂ ದಿನ ಹೀಗೆ ಸಾಗುತ್ತಿತ್ತು. ಒಂಬತ್ತೂವರೆಗೆ ಬಾಗಿಲು. ಬಂದ ಮಕ್ಕಳನ್ನು ತಕ್ಷಣ ಸಾಲಾಗಿ ಕೂರಿಸುವುದಿಲ್ಲ. ಹುಣಸೆಬೀಜ, ಮರದ ತುಂಡು, ಹಳೇ ಡಬ್ಬಗಳನ್ನು ಸುರಿದು ಬಿಡುತ್ತಾರೆ, ಬಂದವರು ಬಂದಹಾಗೆ ಆಡುತ್ತವೆ. ಆಮೇಲೆ ವೃತ್ತದಲ್ಲಿ ಕೂತು ಮಾತು. ಬೆಳಗ್ಗೆ ಏನು ತಿಂದೆ, ದಾರಿಯಲ್ಲಿ ಏನು ನೋಡಿದೆ. ನಮ್ಮದು ಗಡಿ ಸೀಮೆ, ಮನೆಯಲ್ಲಿ ತೆಲುಗು ಆಡುವ ಮಕ್ಕಳು ಇದ್ದೇ ಇರುತ್ತವೆ. "ಏಮಿ ತಿನ್ನಾವು?" ಅಂತ ಮೇಡಂ ಕೇಳಿದಾಗ ಎರಡು ದಿನ ಬಾಯಿ ಬಿಡದಿದ್ದ ಹುಡುಗ "ಮುದ್ದ" ಅಂದ. "ಓ, ಮುದ್ದೆ ತಿಂದ್ಯಾ!" ಅಂದರು ಇವರು. ಅಷ್ಟೇ ಪಾಠ. ಇದನ್ನು ಯಾವ ಟಿ.ವಿ. ಮಾಡುತ್ತದೆ ಹೇಳಿ?

ಕೂತು ಕೇಳುವ ಕೆಲಸ ಹದಿನೈದು ನಿಮಿಷ ದಾಟುವಹಾಗಿಲ್ಲ. ಕಥೆ ಆದ ಮೇಲೆ ಕುಣಿತ, ಕುಣಿತ ಆದ ಮೇಲೆ ಮಣಿ ಪೋಣಿಸುವುದು. ಹೊರಗಿನ ಆಟ ಬಿಸಿಲು ನೋಡಿಕೊಂಡು. ನಮ್ಮ ಶಿರಾ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಹನ್ನೊಂದಕ್ಕೆ ಮಕ್ಕಳನ್ನು ಹೊರಗೆ ಬಿಡಲಾಗುತ್ತದೆಯೇ? ಬೇಸಿಗೆಯಲ್ಲಿ ಹೊರಗಿನ ಆಟ ಮುಂದಕ್ಕೆ ಬರುತ್ತದೆ, ಕಥೆ ಹಿಂದಕ್ಕೆ ಹೋಗುತ್ತದೆ.

ಇಷ್ಟೆಲ್ಲ ಸರಿಯಾಗಿದ್ದರೂ ದಿನಾ ಒಂದು ಜಾಗದಲ್ಲಿ ಕೆಡುತ್ತಿತ್ತು. ಊಟಕ್ಕೆ ಮುಂಚೆ ಕೈ ತೊಳೆಯುವಾಗ. ಮಕ್ಕಳು ಇಪ್ಪತ್ನಾಲ್ಕು, ನಲ್ಲಿ ಒಂದು, ಅದೂ ದೊಡ್ಡವರ ಎತ್ತರಕ್ಕೆ. ಸಹಾಯಕಿ ಒಬ್ಬೊಬ್ಬರನ್ನೇ ಎತ್ತಿ ತೊಳೆಸಬೇಕು. ಲೆಕ್ಕ ಹಾಕಿದೆ, ಒಂದು ಮಗುವಿಗೆ ಒಂದು ನಿಮಿಷ ಅಂದರೂ ಇಪ್ಪತ್ನಾಲ್ಕು ನಿಮಿಷ. ತೊಳೆದ ಮಗು ಕೆಲಸವಿಲ್ಲದೆ ಕಾಯುತ್ತದೆ, ಮಣ್ಣು ಮುಟ್ಟುತ್ತದೆ, ಪಕ್ಕದವನ ಜುಟ್ಟು ಹಿಡಿಯುತ್ತದೆ, ಮತ್ತೆ ತೊಳೆಯಬೇಕು. ನಾನು ಆಫೀಸಿನಲ್ಲಿ ಇಂಥದ್ದೇ ಕ್ಯೂ ಸರಿಮಾಡಿ ಸಂಬಳ ತಗೊಳ್ಳುವವನು. ಇಲ್ಲಿ ಕಣ್ಣೆದುರು ಇದ್ದರೂ ನನ್ನ ಬಣ್ಣದ ಪಟ್ಟಿಯಲ್ಲಿ ಅದಕ್ಕೆ ಒಂದು ಮನೆ ಕೂಡ ಇರಲಿಲ್ಲ. ಮೇಡಂ ಆ ವಾರವೇ ಐದೈದು ಮಕ್ಕಳನ್ನು ಕಳಿಸಿ, ಮಿಕ್ಕವರನ್ನು ಒಳಗೆ ಹಾಡಿನಲ್ಲಿ ಕೂರಿಸಿಕೊಂಡರು. ಅರ್ಧ ಗಲಾಟೆ ಇಳಿಯಿತು. ಮಿಕ್ಕರ್ಧ ನಲ್ಲಿ ಹಾಕಿಸದೆ ಇಳಿಯುವುದಿಲ್ಲ.

ಇನ್ನೊಂದು ಮಾತು, ಇದು ದೊಡ್ಡವರಿಗೆ. ಐ.ಸಿ.ಡಿ.ಎಸ್. ಕೊಡಬೇಕಾದ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಒಂದು ಮಾತ್ರ. ಮಿಕ್ಕವು ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ. 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್ ಬೇರೆ ಬಂದಿದೆ. ಹಾಜರಿ, ತೂಕ, ಎತ್ತರ ಎಲ್ಲ ಮೊಬೈಲಿಗೆ ತುಂಬಬೇಕು. ನಾನು ಆ್ಯಪ್ ಬರೆಯುವ ಜಾತಿಯವನೇ, ಬೈಯುವುದಿಲ್ಲ. ಲೆಕ್ಕ ಬೇಕು. ಆದರೆ ನೆಟ್‌ವರ್ಕ್ ಸಿಗದೆ ಮೇಡಂ ಫೋನ್ ಎತ್ತಿ ಹಿಡಿದು ಅಂಗಳದಲ್ಲಿ ಓಡಾಡುತ್ತಿದ್ದಾಗ ಒಳಗೆ ಕಥೆ ಅರ್ಧಕ್ಕೆ ನಿಂತಿತ್ತು. ಅಷ್ಟರಲ್ಲಿ ಊರಿನವರೊಬ್ಬರು ಬಂದು ಯಾವುದೋ ಅರ್ಜಿ ಬರೆದುಕೊಡಿ ಅಂತ ಕೂತರು. ಹತ್ತರಿಂದ ಹನ್ನೆರಡರವರೆಗಿನ ಎರಡು ಗಂಟೆಯೇ ಮಕ್ಕಳ ಪಾಲಿನದು, ಆಮೇಲೆ ಊಟ, ನಿದ್ದೆ. ಆ ಎರಡು ಗಂಟೆಯಲ್ಲಿ ನಾವು ಯಾರೂ ಅಲ್ಲಿಗೆ ಕೆಲಸ ಹೊತ್ತುಕೊಂಡು ಹೋಗಬಾರದು. ಅರ್ಜಿಯೋ, ಸರ್ವೆಯೋ, ಸಭೆಯೋ, ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಹೋಗೋಣ.

ತಾಯಂದಿರು ಎಂಟಕ್ಕೇ ಕೂಲಿಗೆ ಹೋಗುತ್ತಾರೆ, ಮಗು ಅಜ್ಜಿಯ ಕೈಯಲ್ಲಿ ಹನ್ನೊಂದಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ಮಾತಿನ ವೃತ್ತ ಮುಗಿದಿರುತ್ತದೆ. ಅಜ್ಜಿಯರನ್ನು ಬೈದು ಪ್ರಯೋಜನವಿಲ್ಲ. ಒಂದೇ ಬೀದಿಯ ಮಕ್ಕಳನ್ನು ದಿನಕ್ಕೊಬ್ಬರು ಅಜ್ಜಿ ಕೂಡಿಸಿಕೊಂಡು ಬರಬಹುದೇ ಅಂತ ಬಾಲವಿಕಾಸ ಸಮಿತಿಯಲ್ಲಿ ಕೇಳಿ ನೋಡೋಣ. ಮೂರು ವರ್ಷಕ್ಕೇ ವ್ಯಾನು ಹತ್ತಿಸಿ ಪಟ್ಟಣದ ಕಾನ್ವೆಂಟಿಗೆ ಕಳಿಸುವವರೂ ನಮ್ಮ ನಡುವೆ ಇದ್ದೀರಿ. ಕಳಿಸುವ ಮುಂಚೆ ಒಂದು ಬೆಳಗ್ಗೆ ಅಂಗನವಾಡಿಯಲ್ಲಿ ಕೂತು ನೋಡಿ.

ಟಿ.ವಿ. ಹಣಕ್ಕೆ ಬರುತ್ತೇನೆ. ಎರಡಡಿ ಎತ್ತರದಲ್ಲಿ ನಾಲ್ಕು ನಲ್ಲಿ, ಜಾರದ ಕಟ್ಟೆ, ನೀರು ಹೋಗುವುದಕ್ಕೆ ಒಂದು ಗುಂಡಿ, ಮೇಲೆ ನೆರಳು, ಮಲಗುವುದಕ್ಕೆ ಹೊಸ ಚಾಪೆ. ಇಲಾಖೆಯವರನ್ನೂ ಪಂಚಾಯಿತಿಯವರನ್ನೂ ಕೇಳಿಯೇ ಮಾಡೋಣ. ನಮ್ಮ ಬ್ಯಾಚಿನಲ್ಲಿ ಪ್ಲಂಬಿಂಗ್ ಕಲಿತವನೊಬ್ಬ ಇದ್ದಾನೆ, ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿಕೊಂಡು ಕೂತಿದ್ದಾನೆ. ಖರ್ಚು ಎಷ್ಟಾಗುತ್ತದೆ ಅಂತ ಅವನೇ ಹೇಳಬೇಕು, ಊಟಕ್ಕೆ ಎದ್ದಾಗ ಹಿಡಿಯೋಣ.