ಬೆಂಕಿಯ ಕಲ್ಲು, ಕೆಸರಿನ ಕಲ್ಲು

ಸ್ವೀಡನ್ ದೇಶದಲ್ಲಿ, ಯೆಲ್ಮಾರೆನ್ ಸರೋವರದ ಪಶ್ಚಿಮಕ್ಕೆ ನೆಲಸಿರುವ ಓರೆಬ್ರೂ ನಗರದ ಎರಡು ಪಾರ್ಶ್ವಗಳಲ್ಲಿ ಎರಡು ಬೇರೆ ಬೇರೆ ಶಿಲಾವಂಶಗಳಿವೆ. ಉತ್ತರಕ್ಕೆ, ಕಬ್ಬಿಣದ ಗಣಿಗಳಿಂದ ಪ್ರಖ್ಯಾತವಾದ ಬೆರ್ಗ್ಸ್‌ಲಾಗೆನ್ ಸೀಮೆಯಲ್ಲಿ, ಸುಮಾರು 190 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಗಳು ಉಗುಳಿದ ಲಾವಾ ಮತ್ತು ಬೂದಿಗಳಿಂದಾದ ಅಗ್ನಿಶಿಲೆ. ದಕ್ಷಿಣಕ್ಕೆ, ನೆರ್ಕೆ ಬಯಲಿನಲ್ಲಿ, ಸುಮಾರು 50 ಕೋಟಿ ವರ್ಷಗಳ ಹಿಂದೆ ಕಡಲ ತಳದಲ್ಲಿ ಸೂಕ್ಷ್ಮವಾದ ಕೆಸರು ಕಣಕಣವಾಗಿ ತಂಗಿ ಗಟ್ಟಿಗೊಂಡ ಕಪ್ಪು ಜೇಡಿಶಿಲೆ.

ಎರಡರ ಕಣಗಳೂ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿರಬಲ್ಲವಾದುದರಿಂದ ಕೇವಲ ಬಣ್ಣವನ್ನು ನೋಡಿ ಕುಲವನ್ನು ನಿರ್ಣಯಿಸಹೊರಟವನು ಮೋಸಹೋದಾನು. ಆದರೆ ಚಾಕುವಿನ ಮೊನೆಗೆ ಜೇಡಿಶಿಲೆಯ ಮೇಲೆ ಗೀರು ಬೀಳುತ್ತದೆ, ಬೆರ್ಗ್ಸ್‌ಲಾಗೆನ್ನಿನ ಗಡಸು ಶಿಲೆ ಜಗ್ಗದು; ಸುತ್ತಿಗೆಯ ಪೆಟ್ಟಿಗೆ ಜೇಡಿಶಿಲೆ ತಾಳೆಗರಿಯ ಕಟ್ಟಿನಂತೆ ಪದರಪದರವಾಗಿ ಬಿಚ್ಚಿಕೊಂಡರೆ, ಇನ್ನೊಂದು ಚೂಪಾದ ಚೂರುಗಳಾಗಿ ಸಿಡಿಯುತ್ತದೆ; ಒಂದರ ಪದರಗಳ ನಡುವೆ ಟ್ರೈಲೋಬೈಟುಗಳೆಂಬ ಪ್ರಾಚೀನ ಜಲಚರಗಳ ಅಚ್ಚು ಉಳಿದಿದ್ದರೆ, ಕುದಿಯುವ ಲಾವಾದಲ್ಲಿ ಜೀವದ ಗುರುತು ಉಳಿಯುವುದಾದರೂ ಹೇಗೆ?

ಇಂಥ ಜೋಡಿ ನಮ್ಮ ನಾಡಿಗೂ ಅಪರಿಚಿತವಲ್ಲ. ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದಿನ ಕಲ್ಲು ಕಡಲಡಿಯಲ್ಲಿ ತಂಗಿದ ಸುಣ್ಣದ ಕೆಸರು; ವಿಜಯಪುರದ ಗೋಳಗುಮ್ಮಟವನ್ನು ಹೊತ್ತು ನಿಂತ ಕರಿಗಲ್ಲಾದರೋ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ.

ಓರೆಬ್ರೂವಿನ ಕಥೆ ವಿಚಿತ್ರವಾಗುವುದು ಮುಂದೆ. ನೆರ್ಕೆಯ ಕೆಸರು ತಂಗಿದ ಆ ಕಡಲತಳದಲ್ಲಿ ಪ್ರಾಣವಾಯುವಿನ ಕೊರತೆಯಿದ್ದುದರಿಂದ, ಮೇಲಿನಿಂದ ಬಿದ್ದ ಸೂಕ್ಷ್ಮಜೀವಿಗಳ ಅವಶೇಷ ಪೂರ್ಣವಾಗಿ ಕೊಳೆಯದೆ ಶಿಲೆಯೊಳಗೇ ಸೇರಿ ಇಂಧನಾಂಶವಾಗಿ ಉಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಹೊರಗಿನ ತೈಲ ದುರ್ಲಭವಾದಾಗ, 1941ರಲ್ಲಿ ಸ್ಥಾಪಿತವಾದ ಸರ್ಕಾರೀ ಸಂಸ್ಥೆಯೊಂದು ಕುಮ್ಲಾ ಪಟ್ಟಣದ ಸಮೀಪದ ಕ್ವಾರ್ನ್‌ಟೋರ್ಪ್‌ನಲ್ಲಿ ಈ ಶಿಲೆಯನ್ನು ಕಾಯಿಸಿ ಎಣ್ಣೆಯನ್ನು ಹಿಂಡಿತು; 1966ರಲ್ಲಿ ಆ ಉದ್ಯಮ ನಿಂತಿತು. ಎಣ್ಣೆ ತೆಗೆದು ಬಿಸುಟ ಬೂದಿ ಹಾಗೂ ಕಲ್ಲುಚೂರುಗಳು ಸುಮಾರು 100 ಮೀಟರ್ ಎತ್ತರದ ಗುಡ್ಡವಾಗಿ ನಿಂತಿವೆ. ಉಳಿದ ಇಂಧನಾಂಶ ಮೆಲ್ಲನೆ ಉರಿಯುತ್ತಿರುವುದರಿಂದ ಅದರ ಗರ್ಭ ಇಂದಿಗೂ ಬಿಸಿಯಾಗಿದೆ.

ಬೆಂಕಿಯಲ್ಲಿ ಹುಟ್ಟಿದ ಕಲ್ಲು ಯುಗಗಳ ಹಿಂದೆಯೇ ತಣ್ಣಗಾಯಿತು. ನೀರಿನಲ್ಲಿ ಹುಟ್ಟಿದ ಕಲ್ಲು ಇನ್ನೂ ಆರಿಲ್ಲ. ಮನುಷ್ಯಸ್ವಭಾವದಲ್ಲಿಯೂ ಇದೇ ವ್ಯವಸ್ಥೆಯನ್ನು ಕಾಣಬಹುದು. ಭುಗಿಲೆದ್ದ ಕೋಪವು ಎಷ್ಟೇ ಭಯಂಕರವಾಗಿರಲಿ, ಉಕ್ಕಿ ಹರಿದು ಶಾಂತವಾಗುತ್ತದೆ. ಆದರೆ ಯಾರ ಗಮನಕ್ಕೂ ಬಾರದಂತೆ ದಿನದಿನವೂ ಮನಸ್ಸಿನ ತಳಕ್ಕಿಳಿದು ಪದರಗಟ್ಟುವ ಭಾವಗಳು, ಅವು ಅಸೂಯೆಯಾಗಲಿ, ಸ್ನೇಹವಾಗಲಿ, ವಿದ್ಯೆಯಾಗಲಿ, ಬಹುಕಾಲ ಶಾಖವನ್ನು ಕಾಪಿಟ್ಟುಕೊಂಡಿರುತ್ತವೆ. ಒಂದು ಗಳಿಗೆಯ ಸಿಡುಕನ್ನು ನೋಡಿ ಒಬ್ಬನನ್ನು ಅಳೆಯುವವರೂ, ಒಂದು ಗಳಿಗೆಯ ಉತ್ಸಾಹವನ್ನೇ ಸಾಧನೆಯೆಂದು ನಂಬುವವರೂ ಈ ಸತ್ಯವನ್ನು ಮರೆಯುತ್ತಾರೆ.

ಆದುದರಿಂದ, ಕೇಳುಗರೆ, ಸಿಡಿದು ಹೋದುದರ ಚಿಂತೆಯನ್ನು ಬಿಟ್ಟು, ಇಂದು ನಮ್ಮೊಳಗೆ ಏನು ತಂಗುತ್ತಿದೆಯೆಂಬುದನ್ನು ಪರೀಕ್ಷಿಸಿಕೊಳ್ಳೋಣ, ಒಳ್ಳೆಯದನ್ನೇ ತಂಗಗೊಡೋಣ.