ಸೀರೆ: ಕಟ್ಟಳೆಯೋ ಕಾಯಕವೋ?

(ಮೊಳಕಾಲ್ಮೂರಿನ ಶರಣ ಚಿಂತನ ಗೋಷ್ಠಿಯಲ್ಲಿ ನಿವೃತ್ತ ಇಂಜಿನಿಯರೊಬ್ಬರು ಆಡಿದ ಮಾತುಗಳ ಬರಹರೂಪ)

 

ಸರ್ಕಾರಿ ಕೆಲಸದಲ್ಲಿ ಕೆರೆ ಏರಿ, ಸೇತುವೆ ನೋಡಿಕೊಂಡಿದ್ದವನಿಗೆ ಸೀರೆಯ ಬಗ್ಗೆ ಮಾತನಾಡಲು ಹೇಳಿದ್ದೀರಿ. ಮೊಳಕಾಲ್ಮೂರಿನಲ್ಲಿ ನಿಂತು ಈ ವಿಷಯ ತಪ್ಪಿಸಿಕೊಳ್ಳುವಂತಿಲ್ಲ. ಇಲ್ಲಿನ ರೇಷ್ಮೆ ಸೀರೆಗೆ 2011ರಲ್ಲಿ ಜಿ.ಐ. ಮಾನ್ಯತೆ ದೊರೆತಿದೆ.

ನಮ್ಮ ಅಜ್ಜಿಯ ಕಾಲದಲ್ಲಿ ಮೈಮೇಲೊಂದು ಸೀರೆ, ಗಳದ ಮೇಲೊಂದು ಸೀರೆ. ಚಳ್ಳಕೆರೆ ಸೀಮೆಯ ಶೇಂಗಾ ಹೊಲದಲ್ಲಿ ದುಡಿದದ್ದು ಅದರಲ್ಲೇ, ಮಗುವಿಗೆ ಜೋಲಿ ಕಟ್ಟಿದ್ದು ಅದರಲ್ಲೇ, ಹರಿದ ಮೇಲೆ ಕೌದಿ ಹೊಲಿದದ್ದೂ ಅದರಿಂದಲೇ. ಅವ್ವನ ಕಾಲಕ್ಕೆ ಟ್ರಂಕಿನಲ್ಲಿ ಧಾರೆ ಸೀರೆ ಬಂತು. ಜೊತೆಗೆ, ಬೀಗರು ತಂದ ಸೀರೆಯ ಬೆಲೆ ಲೆಕ್ಕ ಹಾಕಿ ಅವರ ಮರ್ಯಾದೆ ಅಳೆಯುವ ಚಾಳಿಯೂ ಬಂತು. ಸೊಸೆಗೆ ದಿನವೂ ಚೂಡಿದಾರ್, ಸೀರೆ ಹಬ್ಬಕ್ಕೆ, ಮದುವೆಗೆ. ಮೊಮ್ಮಗಳಿಗೆ ಬೇಕೆನಿಸಿದರೆ ಮಾತ್ರ.

ಇದನ್ನು ಕಂಡು 'ಸಂಸ್ಕೃತಿ ಹಾಳಾಯಿತು' ಎನ್ನುವವರಿದ್ದಾರೆ. ಹಾಳಾಗಬೇಕಾದದ್ದು ಇನ್ನೂ ಹಾಳಾಗಿಲ್ಲ ಎಂಬುದು ನನ್ನ ಚಿಂತೆ. ತಂದೆ ತೀರಿಕೊಂಡ ಮೇಲೆ ಅವ್ವನ ಧಾರೆ ಸೀರೆ ಟ್ರಂಕಿನಿಂದ ಹೊರಬರಲಿಲ್ಲ. ಉಡಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅದೇ ಸೀರೆಯನ್ನು ಈಗ ಮೊಮ್ಮಗಳು ಕಾಲೇಜಿನ ಸಮಾರಂಭಕ್ಕೆ ಉಡುತ್ತಾಳೆ. ಬಣ್ಣ ಮಾಸಿಲ್ಲ.

ಇಂದಿಗೂ ಉಡಿ ತುಂಬುವಾಗ ಗಂಡ ಇಲ್ಲದ ತಾಯಿಯನ್ನು ಬಿಟ್ಟು ಮುಂದೆ ಹೋಗುತ್ತೇವೆ. ಆಕೆಯ ಕೊರಳಲ್ಲೂ ಇಷ್ಟಲಿಂಗ ಇದೆಯಲ್ಲ! ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ಲಿಂಗವನ್ನೇ ಪತಿ ಎಂದು ನಂಬಿದ ಧರ್ಮದಲ್ಲಿ ವಿಧವೆ ಎಲ್ಲಿಂದ ಬಂದಳು? ಅಕ್ಕಮಹಾದೇವಿ ಉಡುಗೆಯನ್ನೇ ತೊರೆದು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಕಠಿಣ ಪ್ರಶ್ನೆ ಕೇಳಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಕೊನೆಗೆ ಶರಣರು ತಲೆಬಾಗಿದ್ದು ಆಕೆಯ ಅನುಭಾವಕ್ಕೆ.

ಹಾಗಾದರೆ ಸೀರೆಯಲ್ಲಿ ಉಳಿಸಿಕೊಳ್ಳಬೇಕಾದದ್ದು ಏನು? ಕಾಯಕ. ದೇವರ ದಾಸಿಮಯ್ಯನವರು ನೇಕಾರರು, ಕದಿರ ರೆಮ್ಮವ್ವೆ ನೂಲುವ ಕಾಯಕದವರು. ಒಮ್ಮೆ ಮಗ್ಗದ ಮುಂದೆ ಕುಳಿತು ನೋಡಿ. ಒಡಲಿಗೊಂದು ಬಣ್ಣ, ಎರಡೂ ಅಂಚಿಗೆ ಬೇರೆ ಬಣ್ಣ ಬೇಕಾದರೆ ಮೂರು ಲಾಳಿ ಬೇಕು. ಒಡಲಿನ ಎಳೆ ಅಂಚಿನ ಎಳೆಯನ್ನು ಪ್ರತಿ ಸಾಲಿನಲ್ಲೂ ಹಿಡಿದುಕೊಳ್ಳಬೇಕು. ಸೇತುವೆಯಲ್ಲಾಗಲಿ ಸೀರೆಯಲ್ಲಾಗಲಿ, ದುರ್ಬಲವಾಗುವುದು ಜೋಡಣೆಯ ಜಾಗವೇ. ಐದೂವರೆ ಮೀಟರ್ ಉದ್ದಕ್ಕೂ ಈ ಜಾಗರೂಕತೆ ಬೇಕು. ಮನೆಯ ಹೆಣ್ಣುಮಕ್ಕಳು ಕಂಡಿಕೆ ಸುತ್ತಿ ಕೊಡುತ್ತಾರೆ. ಅವರ ದುಡಿಮೆಗೆ ಬೇರೆ ಕೂಲಿ ಬರೆಯುವವರು ಕಡಿಮೆ.

ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲೇ ಬಂದಿದೆ, ಅದರಲ್ಲಿ ಸೀರೆಯೂ ಸೇರಿದೆ. ಆದರೆ ಯಂತ್ರಮಗ್ಗದ ನಕಲನ್ನು ಅಗ್ಗವೆಂದು ಕೊಳ್ಳುವವರು ನಾವೇ ಆದರೆ ಕಾಯ್ದೆ ಏನು ಮಾಡೀತು?

ಈ ಸಭೆಯ ಮುಂದೆ ನನ್ನ ಬಿನ್ನಹ ಮೂರು. ಮಠದ ಕಾರ್ಯಕ್ರಮಗಳಲ್ಲಿ ಉಡಿ ತುಂಬುವುದಾದರೆ ಎಲ್ಲ ತಾಯಂದಿರಿಗೂ ತುಂಬೋಣ, ಬಣ್ಣದ ಸೀರೆಯನ್ನೇ ಕೊಡೋಣ. ಮದುವೆಗೆ ನಾಲ್ಕು ಸೀರೆ ತರುವ ಬದಲು ಒಂದೇ ತಂದರೂ ಕೈಮಗ್ಗದ್ದು ತರೋಣ, ಸಿಲ್ಕ್ ಮಾರ್ಕ್, ಹ್ಯಾಂಡ್‌ಲೂಮ್ ಮಾರ್ಕ್ ನೋಡಿ ಕೊಳ್ಳೋಣ. ಚೂಡಿದಾರ್ ತೊಟ್ಟು ಪ್ರವಚನಕ್ಕೆ ಬಂದ ಮಗಳ ಉಡುಗೆ ನೋಡುವುದು ಬಿಟ್ಟು, ಅವಳು ಕೇಳುವ ಪ್ರಶ್ನೆಗೆ ಕಿವಿಗೊಡೋಣ.

ಸೀರೆ ಉಡುವುದು ಬಿಡುವುದು ಹೆಣ್ಣುಮಕ್ಕಳಿಗೇ ಬಿಟ್ಟದ್ದು. ನೇಯುವವರ ಕೂಲಿಯ ಚಿಂತೆ ಮಾತ್ರ ನಮ್ಮೆಲ್ಲರದು.