ಕಟ್ಟು ಬಿಚ್ಚುವ ಲೆಕ್ಕ
(ಮಹಿಳಾ ವೇದಿಕೆಯಲ್ಲಿ ಆಡಿದ ಮಾತುಗಳ ಬರಹರೂಪ)

ಐಟಿಯವರು, ಎಂ.ಟೆಕ್. ಮಾಡಿದವರು ಎಂದು ನನ್ನನ್ನು ಪರಿಚಯ ಮಾಡಿಕೊಟ್ಟಿರಿ. ಹಳ್ಳಿ ಶಾಲೆಯ ಮಕ್ಕಳಿಗೆ ಕಳೆಯುವ ಲೆಕ್ಕ ಕಲಿಸಲು ಹೋಗಿ ಸೋತ ಕಥೆಯನ್ನೇ ಇವತ್ತು ಹೇಳುತ್ತೇನೆ.

ನಮ್ಮಕ್ಕ ರಾಯಚೂರು ಜಿಲ್ಲೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಐದು ತರಗತಿ, ಇಬ್ಬರು ಶಿಕ್ಷಕರು. ಒಂದರಿಂದ ಮೂರನೇ ತರಗತಿಯವರೆಗೆ ಒಂದೇ ಕೋಣೆಯಲ್ಲಿ ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಗೆ ಆಂಧ್ರದ ರಿಷಿ ವ್ಯಾಲಿಯೇ ಪ್ರೇರಣೆ. ಕಲಿಕಾ ಏಣಿ, ಕಾರ್ಡು, ಐದು ಗುಂಪು. ಒಂದು ಗುಂಪಿನ ಜೊತೆ ಟೀಚರ್ ಪೂರ್ತಿ ಇರುತ್ತಾರೆ, ಕೊನೆಯ ಗುಂಪಿನದು ಸ್ವಕಲಿಕೆ. ನಾವು ಹೊರಗಿನವರು ಹಾಡು, ಬಣ್ಣದ ಕಾರ್ಡು ನೋಡಿ ಮೆಚ್ಚುತ್ತೇವೆ. ಅಕ್ಕ ಕಾಯುವುದು ಆ ಮೊದಲ ಗುಂಪಿನ ಹತ್ತು ನಿಮಿಷಕ್ಕೆ.

ಸಂಕ್ರಾಂತಿಗೆ ಹೈದರಾಬಾದಿನಲ್ಲಿ ನಮ್ಮ ಮಕ್ಕಳಿಗೆ ರಜೆ, ಕರ್ನಾಟಕದಲ್ಲಿ ಶಾಲೆ ನಡೆಯುತ್ತಿರುತ್ತದೆ. ಹೋದ ಸಲ ಊರಿಗೆ ಹೋದಾಗ ಇನ್ನೊಬ್ಬ ಮೇಷ್ಟ್ರು ತರಬೇತಿಗೆ ಹೋಗಿದ್ದರು. ಅಕ್ಕ 4-5ನೇ ತರಗತಿಯನ್ನು ನನಗೆ ಒಪ್ಪಿಸಿದಳು. 52ರಲ್ಲಿ 27 ಕಳೆಯುವ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು, "ನೀವೇ ಯೋಚನೆ ಮಾಡಿ, ದಾರಿ ಹುಡುಕಿ" ಅಂದೆ. ಆಫೀಸಿನಲ್ಲಿ ಹೊಸಬರಿಗೆ ಹೇಳುವ ಮಾತು! ಹದಿನಾಲ್ಕು ಮಕ್ಕಳಲ್ಲಿ ಅರ್ಧ ಜನ 35 ಬರೆದರು. 2ರಲ್ಲಿ 7 ಹೋಗುವುದಿಲ್ಲ, ಅದಕ್ಕೆ 7ರಲ್ಲಿ 2 ಕಳೆದಿದ್ದಾರೆ. ನಾಲ್ಕನೇ ತರಗತಿಯ ಒಬ್ಬ ಹುಡುಗಿ ಸ್ಲೇಟು ಮುಚ್ಚಿಕೊಂಡು, "ನನಗ ಲೆಕ್ಕ ಬರಂಗಿಲ್ರಿ ಟೀಚರ್" ಅಂದಳು. ನೂರ ಐದು ಬರಿ ಅಂದರೆ 1005 ಬರೆದಳು. ಮೊದಲು ನೂರು, ಆಮೇಲೆ ಐದು. ಕೇಳಿಸಿದ ಹಾಗೇ ಬರೆದಿದ್ದಾಳೆ, ಇದರಲ್ಲಿ ದಡ್ಡತನ ಎಲ್ಲಿದೆ? ಐದನೇ ತರಗತಿ ಮುಗಿದರೆ ಅವಳು ಪಕ್ಕದೂರಿನ ಶಾಲೆಗೆ ಹೋಗಬೇಕು. ಓದು ಹತ್ತದವಳನ್ನು ಅಷ್ಟು ದೂರ ಯಾಕೆ ಕಳಿಸಬೇಕು ಎಂದು ಮನೆಯಲ್ಲಿ ಆಗಲೇ ಮಾತು ನಡೆದಿತ್ತಂತೆ.

ಮರುದಿನ ಅಕ್ಕ ಚಿಕ್ಕವರನ್ನು ಕಾರ್ಡುಗಳ ಜೊತೆ ಕೂರಿಸಿ ಇವರ ಹತ್ತಿರ ಬಂದಳು. ಕಸಬರಿಗೆ ಕಡ್ಡಿಯ ಹತ್ತು ಹತ್ತರ ಕಟ್ಟು. "ಐದು ಕಟ್ಟು, ಎರಡು ಬಿಡಿ. ಏಳು ಬಿಡಿ ಕೊಡಬೇಕು, ಎರಡೇ ಅದಾವ. ಒಂದು ಕಟ್ಟು ಬಿಚ್ತೀನಿ. ಈಗ ಬಿಡಿ ಹನ್ನೆರಡು, ಕಟ್ಟು ನಾಲ್ಕು." ಒಂದೊಂದು ಹೆಜ್ಜೆಗೂ ಬೋರ್ಡಿನ ಮೇಲೆ ಅಂಕಿ. ಮೊದಲು ತಾನೇ ಮಾಡಿ ತೋರಿಸಿದಳು, ಆಮೇಲೆ ಮಕ್ಕಳ ಜೊತೆ ಮಾಡಿದಳು, ಆಮೇಲೆ ಅವರ ಕೈಗೇ ಬಿಟ್ಟಳು. "ಸಾಲ ತಗೊಳ್ಳೋದು" ಅಂತ ಅವಳು ಹೇಳುವುದಿಲ್ಲ. ಸಾಲ ಅಂದರೆ ತಿರುಗಿ ಕೊಡಬೇಕಲ್ಲ, ಇಲ್ಲಿ ಯಾರು ಕೊಡ್ತಾರೆ ಅಂತಾಳೆ. ನನಗೆ ಇಷ್ಟು ವರ್ಷ ಇದು ಹೊಳೆದೇ ಇರಲಿಲ್ಲ.

ಹೀಗೆ ಬಿಡಿಸಿ ಹೇಳಿಕೊಡುವುದು ಹಳೇ ಪದ್ಧತಿ ಅಂದುಕೊಂಡಿದ್ದೆ. ಆದರೆ 2006ರಲ್ಲಿ ಕಿರ್ಶ್ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ಸಂಶೋಧಕರು ಇದರ ಪರವಾಗಿಯೇ ವಾದಿಸಿದರು. ನಮ್ಮ ತಲೆ ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳುವುದು ಸ್ವಲ್ಪವೇ. ಹೊಸದಾಗಿ ಕಲಿಯುವವರಿಗೆ ದಾರಿ ಹುಡುಕುವುದರಲ್ಲೇ ಅದು ತುಂಬಿಹೋಗುತ್ತದೆ. ಬಾಯಿಪಾಠವಂತೂ ಇದಲ್ಲ, ಅಕ್ಕ ಹೆಜ್ಜೆ ಹೆಜ್ಜೆಗೂ "ಯಾಕ?" ಅಂತ ಕೇಳುತ್ತಾಳೆ.

ಮೂರನೇ ದಿನ ಆ ಹುಡುಗಿ 25 ಬರೆದಳು. ತೋರಿಸಿದ್ದು ನನಗಲ್ಲ, ಅಕ್ಕನಿಗೆ.

ಈಗ ಅವಳು ಐದನೇ ತರಗತಿ. 304ರಲ್ಲಿ 178 ಕಳೆ ಅಂದರೆ ನಡುವಿನ ಸೊನ್ನೆಯಲ್ಲಿ ಇನ್ನೂ ನಿಂತುಬಿಡುತ್ತಾಳಂತೆ. ನೂರರ ದೊಡ್ಡ ಕಟ್ಟು ಕಟ್ಟಬೇಕು, ಕಡ್ಡಿ ಸಾಲವು ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಸಂಕ್ರಾಂತಿಗೆ ಮತ್ತೆ ಹೊರಟಿದ್ದೇನೆ. ನಿಮ್ಮ ಮನೆಯಲ್ಲಿ ಹಳೇ ತೆಂಗಿನ ಪೊರಕೆ ಇದ್ದರೆ ಎಸೆಯಬೇಡಿ, ತೊಳೆದು ನನಗೆ ಕೊಡಿ.